ಹತ್ತು ತಾಣ, ಒಂದು ವಹಿ

ನಮ್ಮ ಜಿಲ್ಲಾ ಕೇಂದ್ರಗಳಲ್ಲಿ, ತಾಲ್ಲೂಕು ಪಟ್ಟಣಗಳಲ್ಲಿ ಈಚಿನ ವರ್ಷಗಳಲ್ಲಿ ಸದ್ದಿಲ್ಲದೆ ಬೆಳೆದಿರುವ ಕಸುಬೊಂದಿದೆ. ಅದು ಜಾಲತಾಣಗಳ ಉಸ್ತುವಾರಿ. ಊರಿನ ಪತ್ತಿನ ಸಹಕಾರ ಸಂಘಕ್ಕೊಂದು ವೆಬ್‌ಸೈಟ್ ಇರುತ್ತದೆ. ಪದವಿ ಕಾಲೇಜಿಗೊಂದು, ದೇವಸ್ಥಾನದ ಟ್ರಸ್ಟಿಗೊಂದು, ಊರಾಚೆಯ ಹೋಂಸ್ಟೇಗೊಂದು, ನರ್ಸಿಂಗ್ ಹೋಮಿಗೊಂದು, ಸಾಹಿತ್ಯ ಸಂಘಕ್ಕೊಂದು. ವಿಚಾರಿಸಿದರೆ ಎಲ್ಲವನ್ನೂ ನೋಡಿಕೊಳ್ಳುತ್ತಿರುವವರು ಒಬ್ಬರೇ ಎಂದು ಗೊತ್ತಾಗುತ್ತದೆ. ಕೆಲವರಿಗೆ ಇದೇ ಹೊಟ್ಟೆಪಾಡು. ಕೆಲವರು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತ, ಡಿ.ಟಿ.ಪಿ. ಅಂಗಡಿ ನಡೆಸುತ್ತ ಸಂಜೆಯ ಹೊತ್ತು ಈ ಕೆಲಸ ಮಾಡುತ್ತಾರೆ. ಹೊರದೇಶಗಳ ಕನ್ನಡ ಸಂಘಗಳಲ್ಲೂ ಇಂಥವರಿದ್ದಾರೆ. ಅಲ್ಲಿ ಸಂಘದ ತಾಣ, ಕನ್ನಡ ಶಾಲೆಯ ತಾಣ, ರಾಜ್ಯೋತ್ಸವದ ಟಿಕೆಟ್ ಪುಟ, ಎಲ್ಲವೂ ಯಾರೋ ಒಬ್ಬ ಸ್ವಯಂಸೇವಕರ ತಲೆಯ ಮೇಲೆ. ನಾನೂ ಇದೇ ಕಸುಬಿನಲ್ಲಿದ್ದೇನೆ. ಹಲವು ತಾಣಗಳನ್ನು ಒಟ್ಟಿಗೆ ನೋಡಿಕೊಳ್ಳುತ್ತ, ಕಂಗೆಡದೆ, ನಿದ್ದೆ ಕೆಡಿಸಿಕೊಳ್ಳದೆ ಇರುವುದು ಹೇಗೆ ಎಂಬುದು ಇವತ್ತಿನ ಮಾತು.

ಈ ಕೆಲಸದಲ್ಲಿರುವವರನ್ನು ಮಾತನಾಡಿಸಿದರೆ ಬಹಳ ಮಂದಿ ಹೇಳುವುದು ಒಂದೇ: "ಸೈಟುಗಳು ಜಾಸ್ತಿಯಾಗಿಬಿಟ್ಟವು, ಸುಧಾರಿಸೋಕೆ ಆಗ್ತಿಲ್ಲ." ಆದರೆ ಮೂರೇ ತಾಣಕ್ಕೆ ಕಂಗೆಟ್ಟವರನ್ನೂ ನಾನು ಬಲ್ಲೆ, ಮೂವತ್ತು ತಾಣ ನೋಡಿಕೊಂಡು ನೆಮ್ಮದಿಯಾಗಿ ಊಟ ಮಾಡುವವರನ್ನೂ ಬಲ್ಲೆ. ವ್ಯತ್ಯಾಸ ಸಂಖ್ಯೆಯದಲ್ಲ. ಎಷ್ಟು ವಿಷಯವನ್ನು ಬರೆದಿಡದೆ ತಲೆಯಲ್ಲೇ ಹೊತ್ತುಕೊಂಡಿದ್ದೇವೆ, ಒಂದು ತಾಣಕ್ಕೂ ಇನ್ನೊಂದಕ್ಕೂ ಎಷ್ಟು ಅಂತರವಿದೆ ಎಂಬ ಎರಡೇ ಸಂಗತಿಗಳಿಂದ ಭಾರ ಹುಟ್ಟುತ್ತದೆ. ತಲೆಯಲ್ಲಿರುವುದನ್ನು ವಹಿಗೆ ಇಳಿಸಬೇಕು, ಬೇರೆಬೇರೆ ಇರುವುದನ್ನು ಒಂದೇ ರೀತಿಗೆ ತರಬೇಕು. ನಾನು ಹೇಳಬೇಕಾದ್ದು ಇಷ್ಟೇ. ಅದನ್ನು ಮಾಡುವುದು ಹೇಗೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಒಂದು ಜಾಲತಾಣವೆಂದರೆ ಕನಿಷ್ಠ ಐದು ಸಂಗತಿಗಳು. ಮೊದಲನೆಯದು ಅದರ ವಿಳಾಸ, ಅಂದರೆ ಡೊಮೇನ್ ಹೆಸರು. ಇದನ್ನು ಯಾರೂ ಶಾಶ್ವತವಾಗಿ ಕೊಂಡುಕೊಳ್ಳಲಾಗದು. ವರ್ಷಕ್ಕೋ ಕೆಲವು ವರ್ಷಗಳಿಗೋ ಶುಲ್ಕ ಕಟ್ಟಿ ಇಟ್ಟುಕೊಳ್ಳಬೇಕು. ಎರಡನೆಯದು ಹೋಸ್ಟಿಂಗ್, ಅಂದರೆ ತಾಣದ ಕಡತಗಳು ಕುಳಿತಿರುವ ಸರ್ವರ್. ಮೂರನೆಯದು ಬ್ರೌಸರಿನಲ್ಲಿ ಬೀಗದ ಗುರುತು ತೋರಿಸುವ ಭದ್ರತಾ ಪ್ರಮಾಣಪತ್ರ. ನಾಲ್ಕನೆಯದು ತಾಣವನ್ನು ನಡೆಸುವ ತಂತ್ರಾಂಶ. ಐದನೆಯದು ಜನ ಓದಲು ಬರುವ ಮಾಹಿತಿ. ಈ ಐದಕ್ಕೂ ಬೇರೆಬೇರೆ ಗಡುವು, ಬೇರೆಬೇರೆ ಪಾಸ್‌ವರ್ಡ್, ಬೇರೆಬೇರೆ ಕಂಪನಿ. ಹಾಗಾಗಿ ಹತ್ತು ತಾಣವೆಂದರೆ ಹತ್ತು ಕೆಲಸವಲ್ಲ, ಐವತ್ತು ಕೆಲಸ. ಐವತ್ತು ಗಡುವುಗಳನ್ನು ನೆನಪಿನಲ್ಲಿಟ್ಟುಕೊಂಡು ಓಡಾಡುವುದು ಯಾರಿಂದಲೂ ಆಗದ ಮಾತು.

ದೊಡ್ಡವರಿಂದಲೂ ಆಗಿಲ್ಲ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜಾಕ್ ಸ್ಮಿತ್ ಜೊತೆಗೂಡಿ 1996ರಲ್ಲಿ ಹಾಟ್‌ಮೇಲ್ ಆರಂಭಿಸಿದ್ದು, ಮರುವರ್ಷವೇ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡದ್ದು ನಿಮಗೆ ಗೊತ್ತಿರಬಹುದು. ಹಾಟ್‌ಮೇಲಿಗೆ ಲಾಗಿನ್ ಆಗಲು ಪಾಸ್‌ಪೋರ್ಟ್ ಡಾಟ್ ಕಾಮ್ ಎಂಬ ಇನ್ನೊಂದು ವಿಳಾಸದ ಮೂಲಕ ಹೋಗಬೇಕಿತ್ತು. 1999ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹೊತ್ತಿಗೆ, ಆ ವಿಳಾಸದ ನವೀಕರಣ ಶುಲ್ಕ ಕಟ್ಟುವುದು ಮೈಕ್ರೋಸಾಫ್ಟಿಗೆ ಮರೆತುಹೋಯಿತು. ಶುಲ್ಕ ಕೇವಲ 35 ಡಾಲರ್. ಅಷ್ಟಕ್ಕೆ ಹಾಟ್‌ಮೇಲ್ ಬಳಕೆದಾರರು ತಮ್ಮ ಅಂಚೆ ತೆರೆಯಲಾರದೆ ಪರದಾಡಿದರು. ಕೊನೆಗೆ ಮೈಕೆಲ್ ಚೇನಿ ಎಂಬ ಪ್ರೋಗ್ರಾಮರ್ ಏನು ತಪ್ಪಾಗಿದೆಯೆಂದು ಪತ್ತೆಮಾಡಿ, ತನ್ನ ಕೈಯಿಂದಲೇ ಆ ಹಣ ಕಟ್ಟಿದರು. ಸಾವಿರಾರು ಎಂಜಿನಿಯರುಗಳಿದ್ದ ಕಂಪನಿಯಲ್ಲಿ ಬುದ್ಧಿಗೆ ಕೊರತೆಯಿರಲಿಲ್ಲ. ಯಾವ ತಾರೀಖಿಗೆ ಯಾರು ಕಟ್ಟಬೇಕು ಎಂಬ ಒಂದು ಸಾಲು ಇರಬೇಕಾದ ಜಾಗದಲ್ಲಿ ಇರಲಿಲ್ಲ.

ಆದ್ದರಿಂದ ಮೊದಲ ಕೆಲಸ ವಹಿ. ಸ್ಪ್ರೆಡ್‌ಶೀಟಿನಲ್ಲಿ ಮಾಡಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಉದ್ದನೆಯ ಲೆಡ್ಜರಿನಲ್ಲಿ ಬರೆಯಿರಿ, ಯಾವುದಾದರೂ ಸರಿ. ಒಂದು ತಾಣಕ್ಕೆ ಒಂದು ಪುಟ. ಪತ್ತಿನ ಸಂಘದ ತಾಣದ ಪುಟ ಹೇಗಿರಬೇಕು ಎಂದು ನೋಡೋಣ. ಮೇಲ್ಗಡೆ ತಾಣದ ವಿಳಾಸ. ಅದರ ಕೆಳಗೆ, ಡೊಮೇನನ್ನು ಯಾವ ಕಂಪನಿಯಲ್ಲಿ ನೋಂದಾಯಿಸಿದೆ, ಯಾರ ಹೆಸರಿನಲ್ಲಿದೆ, ಯಾವ ಇಮೇಲ್ ಕೊಟ್ಟಿದೆ, ಯಾವ ತಾರೀಖಿಗೆ ಮುಗಿಯುತ್ತದೆ. ಮುಂದಿನ ಸಾಲಿನಲ್ಲಿ ಹೋಸ್ಟಿಂಗ್ ಯಾರದ್ದು, ಎಷ್ಟು ಹಣ, ಯಾವಾಗ ನವೀಕರಣ. ಆಮೇಲೆ ಪ್ರಮಾಣಪತ್ರ ತಾನಾಗಿಯೇ ಹೊಸದಾಗುತ್ತದೆಯೋ, ಕೈಯಿಂದ ಮಾಡಬೇಕೋ. ತಂತ್ರಾಂಶ ಯಾವುದು, ಯಾವ ಆವೃತ್ತಿ, ಯಾವ ಯಾವ ಪ್ಲಗಿನ್, ಅಂದರೆ ಹೆಚ್ಚುವರಿ ಸೌಲಭ್ಯದ ಕಿರುತಂತ್ರಾಂಶ, ಹಾಕಿದೆ. ಬ್ಯಾಕಪ್ ಎಲ್ಲಿದೆ, ಕೊನೆಯ ಸಲ ತೆರೆದು ಪರೀಕ್ಷಿಸಿದ್ದು ಯಾವತ್ತು. ಸಂಘದ ಕಡೆಯಿಂದ ಮಾತನಾಡುವವರು ಯಾರು, ಕಾರ್ಯದರ್ಶಿಯೋ ಗುಮಾಸ್ತರೋ. ಕೊನೆಗೆ ಒಂದಿಷ್ಟು ಖಾಲಿ ಜಾಗ. ಆ ತಾಣದಲ್ಲಿ ಏನೇ ಬದಲಾಯಿಸಿದರೂ ತಾರೀಖು ಹಾಕಿ ಒಂದು ಸಾಲು ಬರೆಯಲು. ಆರು ತಿಂಗಳ ನಂತರ ಯಾವುದೋ ಅರ್ಜಿ ನಮೂನೆ ಕೆಲಸ ಮಾಡದೆ ನಿಂತಾಗ ಆ ಒಂದು ಸಾಲು ಅರ್ಧ ದಿನದ ಹುಡುಕಾಟವನ್ನು ಉಳಿಸುತ್ತದೆ.

ಪಾಸ್‌ವರ್ಡುಗಳನ್ನು ಮಾತ್ರ ಈ ವಹಿಯಲ್ಲಿ ಬರೆಯಬೇಡಿ. ಅದಕ್ಕೆ ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶಗಳಿವೆ. ಕೀಪಾಸ್, ಬಿಟ್‌ವಾರ್ಡನ್ ಮುಂತಾದವನ್ನು ಉಚಿತವಾಗಿಯೇ ಬಳಸಬಹುದು. ಒಂದು ಗಟ್ಟಿ ಪಾಸ್‌ವರ್ಡ್ ನೆನಪಿಟ್ಟುಕೊಂಡರೆ ಮಿಕ್ಕದ್ದನ್ನೆಲ್ಲ ಅದು ನೋಡಿಕೊಳ್ಳುತ್ತದೆ. ಹತ್ತು ತಾಣಕ್ಕೂ ಒಂದೇ ಪಾಸ್‌ವರ್ಡ್ ಇಟ್ಟರೆ ಒಂದು ಕಳುವಾದ ದಿನ ಹತ್ತೂ ಹೋಗುತ್ತವೆ. ಡೊಮೇನ್ ಮತ್ತು ಹೋಸ್ಟಿಂಗ್ ಖಾತೆಗಳಿಗಂತೂ ಮೊಬೈಲಿಗೆ ಸಂಖ್ಯೆ ಬರುವ ಎರಡನೇ ಹಂತದ ಪರಿಶೀಲನೆಯನ್ನು ಹಾಕಲೇಬೇಕು.

ವಹಿ ಬರೆಯಲು ಕುಳಿತಾಗ ಬಹಳ ಜನಕ್ಕೆ ಎದುರಾಗುವ ಒಂದು ಕಟು ಸತ್ಯವಿದೆ. ಡೊಮೇನ್ ಯಾರ ಹೆಸರಿನಲ್ಲಿದೆ ಎಂದು ನೋಡಿದರೆ ಸಂಸ್ಥೆಯ ಹೆಸರು ಅಲ್ಲಿರುವುದೇ ಇಲ್ಲ. ಎಷ್ಟೋ ವರ್ಷದ ಹಿಂದೆ ತಾಣ ಮಾಡಿಕೊಟ್ಟ ಹುಡುಗನ ಹೆಸರಿರುತ್ತದೆ. ಅವನು ಈಗ ಬೇರೆ ಊರಿನಲ್ಲಿ ಬೇರೆ ಕೆಲಸದಲ್ಲಿ ಇರುತ್ತಾನೆ. ಡಾಟ್ ಕಾಮ್, ಡಾಟ್ ಆರ್ಗ್ ಮೊದಲಾದ ಹೆಸರುಗಳಿಗೆ, ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಮ್ಮೆ, ಒಂದು ವಾರ ಮೊದಲು ಇನ್ನೊಮ್ಮೆ ನೋಂದಣಿ ಕಂಪನಿ ಎಚ್ಚರಿಕೆ ಕಳಿಸಬೇಕೆಂದು, ಡೊಮೇನ್ ಹೆಸರುಗಳ ಉಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆಯ ನಿಯಮವೇ ಇದೆ. ಆದರೆ ಆ ಪತ್ರ ಹೋಗುವುದು ನೋಂದಾಯಿಸಿದ ಇಮೇಲಿಗೆ. ಆ ಇಮೇಲನ್ನು ತೆರೆಯುವವರೇ ಇಲ್ಲದಿದ್ದರೆ ಎಚ್ಚರಿಕೆ ಯಾರಿಗೆ? ಅವಧಿ ಮುಗಿದ ಮೇಲೆ ಕೆಲವು ದಿನ ಮಾಮೂಲಿ ಶುಲ್ಕದಲ್ಲಿಯೇ ನವೀಕರಿಸಲು ಬಹುಪಾಲು ಕಂಪನಿಗಳು ಅವಕಾಶ ಕೊಡುತ್ತವೆ. ಹೆಸರು ಅಳಿಸಲ್ಪಟ್ಟರೆ ಆಮೇಲೆ ದೊಡ್ಡ ಮೊತ್ತ ತೆತ್ತು ಬಿಡಿಸಿಕೊಳ್ಳಲು 30 ದಿನ. ಅದೂ ದಾಟಿ 5 ದಿನ ಕಳೆದರೆ ಹೆಸರು ಲೋಕಕ್ಕೆಲ್ಲ ಮುಕ್ತ. ಓಡಾಟವಿದ್ದ ಹಳೆಯ ಹೆಸರುಗಳಿಗಾಗಿಯೇ ಕಾದು ಕುಳಿತಿರುವವರಿದ್ದಾರೆ. ಕಾಲೇಜಿನ ವಿಳಾಸ ಒತ್ತಿದರೆ ಜೂಜಿನ ಪುಟ ತೆರೆದುಕೊಳ್ಳುವುದು ಹೀಗೆಯೇ.

ಇನ್ನು ಎರಡನೆಯ ಕೆಲಸ, ಎಲ್ಲವನ್ನೂ ಒಂದೇ ರೀತಿಗೆ ತರುವುದು. ಒಂದು ತಾಣ ವರ್ಡ್‌ಪ್ರೆಸ್‌ನಲ್ಲಿ, ಇನ್ನೊಂದು ಜೂಮ್ಲಾದಲ್ಲಿ, ಮತ್ತೊಂದು ಯಾರೋ ಕೈಯಾರೆ ಬರೆದ ಪಿ.ಎಚ್.ಪಿ.ಯಲ್ಲಿ, ನಾಲ್ಕು ಕಂಪನಿಗಳ ಹೋಸ್ಟಿಂಗ್, ಆರು ಬಗೆಯ ಪ್ಲಗಿನ್. ಹೀಗಿದ್ದಾಗ ಪ್ರತಿ ತಾಣಕ್ಕೂ ಬೇರೆಯೇ ವಿದ್ಯೆ ಬೇಕಾಗುತ್ತದೆ. ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಇದಕ್ಕೆ ಎದುರಾದ ಮಾದರಿ ನಮ್ಮ ಕಣ್ಣೆದುರೇ ಇದೆ. ದೇಶದ ಜಿಲ್ಲೆಗಳ ಅಧಿಕೃತ ತಾಣಗಳನ್ನು ತೆರೆದು ನೋಡಿ. ಶಿವಮೊಗ್ಗದ್ದನ್ನು ನೋಡಿ ಹಾಸನದ್ದಕ್ಕೆ ಹೋದರೆ ಹೊಸದಾಗಿ ದಾರಿ ಹುಡುಕಬೇಕಾಗಿಲ್ಲ. ಜಿಲ್ಲೆಯ ಪರಿಚಯ, ಇಲಾಖೆಗಳು, ಪ್ರಕಟಣೆಗಳು, ಎಲ್ಲವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್.ಐ.ಸಿ., ಇಂಥ ತಾಣಗಳಿಗಾಗಿ ಒಂದೇ ಚೌಕಟ್ಟನ್ನು ರೂಪಿಸಿ ಕೊಟ್ಟಿದೆ. ಭದ್ರತೆಯ ತಿದ್ದುಪಡಿಯನ್ನು ಚೌಕಟ್ಟಿಗೆ ಒಮ್ಮೆ ಮಾಡಿದರೆ ಎಲ್ಲ ಜಿಲ್ಲೆಗಳಿಗೂ ತಲುಪುತ್ತದೆ. ಜಿಲ್ಲೆಯವರು ತಮ್ಮ ಚಿತ್ರ, ತಮ್ಮ ಸುದ್ದಿ ಹಾಕಿಕೊಂಡರಾಯಿತು.

ವಿಕಿಪೀಡಿಯ ಇನ್ನೂ ದೊಡ್ಡ ಉದಾಹರಣೆ. ಮುನ್ನೂರಕ್ಕೂ ಹೆಚ್ಚು ಭಾಷೆಗಳಲ್ಲಿ ಅದು ನಡೆಯುತ್ತಿದೆ. ಕನ್ನಡ ವಿಕಿಪೀಡಿಯಕ್ಕೂ, 2016ರಲ್ಲಿ ಆರಂಭವಾದ ತುಳು ವಿಕಿಪೀಡಿಯಕ್ಕೂ, ಇಂಗ್ಲಿಷಿನದಕ್ಕೂ ತಳದಲ್ಲಿರುವುದು ಮೀಡಿಯಾವಿಕಿ ಎಂಬ ಒಂದೇ ತಂತ್ರಾಂಶ. ಒಂದು ಖಾತೆ ಮಾಡಿಕೊಂಡರೆ ಎಲ್ಲ ಭಾಷೆಗಳಲ್ಲೂ ಅದೇ ಖಾತೆ ನಡೆಯುತ್ತದೆ. ತುಳುವಿಗಾಗಿ ಬೇರೆ ತಂತ್ರಾಂಶ ಬರೆಯಬೇಕಾಗಿದ್ದರೆ, ಬೇರೆ ಸರ್ವರ್ ಕೊಳ್ಳಬೇಕಾಗಿದ್ದರೆ ಆ ತಾಣ ಹುಟ್ಟುವುದೇ ಕಷ್ಟವಿತ್ತು. ತಳ ಒಂದೇ ಆದಾಗ ಹೊಸದೊಂದು ತಾಣ ಸೇರಿಸುವ ಭಾರ ಹಗುರಾಗುತ್ತದೆ. ಆ ಭಾಷೆಯವರು ತಮ್ಮ ಶಕ್ತಿಯನ್ನೆಲ್ಲ ಲೇಖನ ಬರೆಯುವುದಕ್ಕೆ ಕೊಡಬಹುದು.

ನಮ್ಮಂಥವರಿಗೂ ಇದು ಸಾಧ್ಯ. ಜಗತ್ತಿನ ಜಾಲತಾಣಗಳಲ್ಲಿ ಐದರಲ್ಲಿ ಎರಡರಷ್ಟು ಇವತ್ತು ವರ್ಡ್‌ಪ್ರೆಸ್ ಬಳಸುತ್ತವೆ. 2003ರಲ್ಲಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಶುರುಮಾಡಿದ ಈ ಮುಕ್ತ ತಂತ್ರಾಂಶದಲ್ಲಿ, ಒಂದೇ ಕಡೆ ಕುಳಿತು ಹಲವು ತಾಣ ನಡೆಸುವ ಮಲ್ಟಿಸೈಟ್ ವ್ಯವಸ್ಥೆ 2010ರಿಂದಲೇ ಇದೆ. ಒಂದೇ ಕಾಲೇಜಿನ ಹಲವು ವಿಭಾಗಗಳಿಗೆ, ಒಂದೇ ಸಂಸ್ಥೆಯ ಹಲವು ಶಾಲೆಗಳಿಗೆ ಅದು ಬಹಳ ಒಗ್ಗುತ್ತದೆ. ಸಂಬಂಧವಿಲ್ಲದ ಸಂಸ್ಥೆಗಳನ್ನು ಮಾತ್ರ ಹಾಗೆ ಒಂದಕ್ಕೊಂದು ಕಟ್ಟಿಹಾಕುವುದು ಸರಿಯಲ್ಲ; ಒಂದು ಸಂಸ್ಥೆ ನಾಳೆ ಬಿಟ್ಟುಹೋಗುತ್ತೇನೆಂದರೆ ಬೇರ್ಪಡಿಸುವುದು ಕಷ್ಟ. ಅವಕ್ಕೆ ಬೇರೆಬೇರೆ ತಾಣಗಳೇ ಇರಲಿ, ಆದರೆ ಒಂದೇ ಥೀಮ್, ಒಂದೇ ಬಗೆಯ ಬ್ಯಾಕಪ್, ಅವೇ ನಾಲ್ಕೈದು ಪ್ಲಗಿನ್ ಇರಲಿ. ವರ್ಡ್‌ಪ್ರೆಸ್ಸಿನ ಭಂಡಾರದಲ್ಲಿ ಹತ್ತಾರು ಸಾವಿರ ಉಚಿತ ಪ್ಲಗಿನ್‌ಗಳಿವೆ. ತಾಣಕ್ಕೆ ಕನ್ನ ಬೀಳುವುದು ಹೆಚ್ಚಾಗಿ ಮೂಲ ತಂತ್ರಾಂಶದ ಮೂಲಕವಲ್ಲ, ಅಪ್‌ಡೇಟ್ ಕಾಣದೆ ಬಿದ್ದಿರುವ ಪ್ಲಗಿನ್‌ಗಳ ಮೂಲಕ. ಕಡಿಮೆ ಪ್ಲಗಿನ್ ಎಂದರೆ ಕಡಿಮೆ ಚಿಂತೆ.

ಈಗ ಬ್ಯಾಕಪ್ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹಲವು ತಾಣ ನೋಡಿಕೊಳ್ಳುವವರ ದೊಡ್ಡ ಅಪಾಯ ಇಲ್ಲಿದೆ. ಗಿಟ್‌ಲ್ಯಾಬ್ ಎಂಬ ಕಂಪನಿ ಜಗತ್ತಿನ ಪ್ರೋಗ್ರಾಮರುಗಳ ಕೆಲಸವನ್ನು ಜೋಪಾನ ಮಾಡುವ ಸೇವೆ ನಡೆಸುತ್ತದೆ. 2017ರ ಜನವರಿ 31ರ ರಾತ್ರಿ ಅವರ ಒಬ್ಬ ಎಂಜಿನಿಯರ್ ದತ್ತಾಂಶದ ತೊಂದರೆಯೊಂದನ್ನು ಸರಿಪಡಿಸುತ್ತಿದ್ದರು. ಕೆಲಸ ಮುಗಿಸಿ ಏಳಬೇಕಾದ ಹೊತ್ತು ಮೀರಿತ್ತು. ಎದುರಿಗೆ ಒಂದೇ ರೀತಿ ಕಾಣುವ ಎರಡು ಸರ್ವರ್‌ಗಳ ಕಿಟಕಿಗಳು. ಒಂದು ಮೂಲ, ಇನ್ನೊಂದು ಅದರ ಪ್ರತಿ. ಪ್ರತಿಯಲ್ಲಿ ಅಳಿಸುತ್ತಿದ್ದೇನೆಂದು ತಿಳಿದು ಮೂಲದಲ್ಲಿಯೇ ಅಳಿಸುವ ಆಜ್ಞೆ ಕೊಟ್ಟರು. ಒಂದೆರಡು ಕ್ಷಣದಲ್ಲಿ ತಪ್ಪು ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ಪೈಕಿ ಉಳಿದದ್ದು 4.5 ಗಿಗಾಬೈಟ್ ಮಾತ್ರ.

ಬ್ಯಾಕಪ್ ಇದೆಯಲ್ಲ ಎಂದು ಹುಡುಕಿದರು. ಒಂದಲ್ಲ, ಐದು ಬಗೆಯ ಏರ್ಪಾಡುಗಳಿದ್ದವು. ಆದರೆ ದಿನವೂ ಆಗಬೇಕಾದ ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದದೆ ಎಂದಿನಿಂದಲೋ ವಿಫಲವಾಗುತ್ತಿತ್ತು. ವಿಫಲವಾಗಿದೆ ಎಂದು ತಿಳಿಸುವ ಇಮೇಲ್‌ಗಳು ಕೂಡ ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಅದೃಷ್ಟಕ್ಕೆ ಆ ಎಂಜಿನಿಯರೇ ಸುಮಾರು ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ಒಂದು ಪ್ರತಿ ತೆಗೆದಿಟ್ಟಿದ್ದರು. ಅದರಿಂದ ಸೇವೆ ಮತ್ತೆ ಎದ್ದು ನಿಂತಿತು. ನಡುವಿನ ಆರು ಗಂಟೆಗಳ ದತ್ತಾಂಶ ಹೋಯಿತು. ಗಿಟ್‌ಲ್ಯಾಬ್ ಇದನ್ನು ಮುಚ್ಚಿಡಲಿಲ್ಲ. ಏನಾಯಿತು, ಏಕಾಯಿತು ಎಂಬುದನ್ನೆಲ್ಲ ಬಹಿರಂಗವಾಗಿ ಬರೆದು ಪ್ರಕಟಿಸಿತು. ನಮ್ಮಂಥವರು ಕಲಿಯಲು ಸಾಧ್ಯವಾದದ್ದು ಅವರ ಆ ದೊಡ್ಡಗುಣದಿಂದ.

ಈ ಘಟನೆಯಲ್ಲಿ ನಮಗೆ ಮೂರು ಪಾಠಗಳಿವೆ. ಎರಡು ತಾಣಗಳನ್ನು ಏಕಕಾಲಕ್ಕೆ ತೆರೆದಿಟ್ಟುಕೊಂಡು ಕೆಲಸ ಮಾಡಬಾರದು. ಮಾಡಲೇಬೇಕಾದರೆ ಒಂದರ ಹಿನ್ನೆಲೆ ಬಣ್ಣವನ್ನಾದರೂ ಬದಲಿಸಿಕೊಳ್ಳಬೇಕು. ದಣಿದಿರುವಾಗ ಅಳಿಸುವ ಕೆಲಸಕ್ಕೆ ಕೈಹಾಕಬಾರದು. ತೆರೆದು ಪರೀಕ್ಷಿಸದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಲೇಬಾರದು. ಮೂರು ತಿಂಗಳಿಗೊಮ್ಮೆಯಾದರೂ ಒಂದು ತಾಣದ ಬ್ಯಾಕಪ್ ತೆಗೆದುಕೊಂಡು, ಬೇರೆ ಜಾಗದಲ್ಲಿ ಎಬ್ಬಿಸಿ ನಿಲ್ಲಿಸಿ ನೋಡಬೇಕು. ಮತ್ತೊಂದು ಮಾತು: ಬ್ಯಾಕಪ್ ಇರುವ ಜಾಗ ತಾಣ ಇರುವ ಜಾಗಕ್ಕಿಂತ ಬೇರೆಯಾಗಿರಬೇಕು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓ.ವಿ.ಎಚ್. ಕಂಪನಿಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಲಕ್ಷಾಂತರ ತಾಣಗಳು ನಿಂತವು. ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಕೆಲವರು ಎರಡನ್ನೂ ಕಳೆದುಕೊಂಡರು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬ ಹಳೆಯ ನಿಯಮ ಇಂದಿಗೂ ಸರಿ.

ಯಂತ್ರಕ್ಕೆ ಒಪ್ಪಿಸಬಹುದಾದ್ದನ್ನು ಯಂತ್ರಕ್ಕೆ ಒಪ್ಪಿಸುವುದು ಮೂರನೆಯ ಕೆಲಸ. ಭದ್ರತಾ ಪ್ರಮಾಣಪತ್ರವನ್ನೇ ತೆಗೆದುಕೊಳ್ಳಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ 2015ರಿಂದ ಇದನ್ನು ಉಚಿತವಾಗಿ ಕೊಡುತ್ತಿದೆ. ಸಾಮಾನ್ಯ ಅವಧಿ 90 ದಿನ. ಹಣ ಕೊಟ್ಟು ಕೊಳ್ಳುವ ಪ್ರಮಾಣಪತ್ರಗಳ ಅವಧಿಯನ್ನೂ ಹಂತಹಂತವಾಗಿ ಇಳಿಸುತ್ತ 2029ರ ಮಾರ್ಚ್ ಹೊತ್ತಿಗೆ 47 ದಿನಕ್ಕೆ ತರಬೇಕೆಂದು ಪ್ರಮಾಣಪತ್ರ ಕೊಡುವ ಸಂಸ್ಥೆಗಳೂ ಬ್ರೌಸರ್ ಕಂಪನಿಗಳೂ ಸೇರಿ 2025ರಲ್ಲಿ ತೀರ್ಮಾನಿಸಿವೆ. ಲೆಟ್ಸ್ ಎನ್‌ಕ್ರಿಪ್ಟ್ ಅದೇ ವರ್ಷ ಅವಧಿ ಮುಗಿಯುವ ಮುನ್ನ ಇಮೇಲ್ ಕಳಿಸುವುದನ್ನೂ ನಿಲ್ಲಿಸಿದೆ. ಹತ್ತು ತಾಣಕ್ಕೆ ಒಂದೂವರೆ ತಿಂಗಳಿಗೊಮ್ಮೆ ಕೈಯಿಂದ ಪ್ರಮಾಣಪತ್ರ ಹಾಕುತ್ತ ಕೂರುವುದು ಸಾಧ್ಯವಿಲ್ಲ. ತಾನಾಗಿ ನವೀಕರಣವಾಗುವ ಏರ್ಪಾಡು ನಿಮ್ಮ ಹೋಸ್ಟಿಂಗ್‌ನಲ್ಲಿ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಇರುವ ಕಡೆಗೆ ಹೋಗಿ.

ತಾಣ ಎದ್ದಿದೆಯೋ ಬಿದ್ದಿದೆಯೋ ನೋಡುವುದೂ ಹಾಗೆಯೇ. ಐದು ನಿಮಿಷಕ್ಕೊಮ್ಮೆ ತಾಣವನ್ನು ಮುಟ್ಟಿ ನೋಡಿ, ಉತ್ತರ ಬಾರದಿದ್ದರೆ ಮಾತ್ರ ನಿಮಗೆ ತಿಳಿಸುವ ಉಚಿತ ಸೇವೆಗಳಿವೆ. ಅದನ್ನು ಹಾಕಿದ ಮೇಲೆ ಬೆಳಗ್ಗೆ ಎದ್ದು ಹತ್ತು ತಾಣಗಳನ್ನು ಒಂದೊಂದಾಗಿ ತೆರೆದು ನೋಡುವ ಅಭ್ಯಾಸ ಬಿಡಬಹುದು. ತಾಣ ಒಮ್ಮೆಯೂ ಬೀಳಬಾರದು ಎಂದು ಹಟ ಹಿಡಿಯುವುದೂ ಬೇಡ. ನೂರಕ್ಕೆ 99.9ರಷ್ಟು ಹೊತ್ತು ನಿಂತಿರುತ್ತದೆ ಎಂದು ಭರವಸೆ ಕೊಡುವ ಹೋಸ್ಟಿಂಗ್ ಕೂಡ ವರ್ಷದಲ್ಲಿ 8 ಗಂಟೆ 45 ನಿಮಿಷ ಬೀಳಬಹುದು ಎಂದೇ ಲೆಕ್ಕ. ಪರೀಕ್ಷೆಯ ಫಲಿತಾಂಶದ ದಿನ, ಜಾತ್ರೆಯ ವಾರ ತಾಣ ನಿಂತಿರಬೇಕು. ಆ ದಿನಗಳನ್ನು ವಹಿಯಲ್ಲಿ ಗುರುತು ಹಾಕಿ, ಅವಕ್ಕೆ ಒಂದು ವಾರ ಮೊದಲಿನಿಂದ ಯಾವ ಬದಲಾವಣೆಯನ್ನೂ ಮಾಡದಿದ್ದರೆ ಅರ್ಧ ಗಂಡಾಂತರ ತಪ್ಪುತ್ತದೆ.

ಇಷ್ಟೆಲ್ಲ ಮಾಡಿದರೂ ಮನುಷ್ಯನೇ ಮಾಡಬೇಕಾದ ಕೆಲಸ ಉಳಿಯುತ್ತದೆ. ಸಮಯ ಹಂಚಿಕೊಳ್ಳುವ ಪ್ರಶ್ನೆ ಬರುವುದು ಅಲ್ಲಿ. ನಮ್ಮ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳ ಮೇಷ್ಟರನ್ನು ನೆನಪಿಸಿಕೊಳ್ಳಿ. ಒಂದೇ ಕೋಣೆಯಲ್ಲಿ ನಾಲ್ಕು ತರಗತಿ. ಅವರು ನಾಲ್ಕಕ್ಕೂ ಒಟ್ಟಿಗೆ ಪಾಠ ಮಾಡುವುದಿಲ್ಲ. ಒಂದನೇ ತರಗತಿಗೆ ಅಕ್ಷರ ತಿದ್ದಲು ಕೊಟ್ಟು, ಎರಡಕ್ಕೆ ಮಗ್ಗಿ ಬರೆಸಿ, ಮೂರಕ್ಕೆ ಲೆಕ್ಕ ಕೊಟ್ಟು, ನಾಲ್ಕನೇ ತರಗತಿಯ ಮಕ್ಕಳ ಎದುರು ಕುಳಿತಾಗ ಅವರ ಮನಸ್ಸೆಲ್ಲ ಆ ಮಕ್ಕಳ ಮೇಲೆಯೇ ಇರುತ್ತದೆ. ಹಲವು ತಾಣಗಳ ಉಸ್ತುವಾರಿಗೂ ಇದೇ ಕ್ರಮ ಬೇಕು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಹಿಂದಿನದರ ಒಂದು ಭಾಗ ಮನಸ್ಸಿನಲ್ಲಿ ಉಳಿದು ಹೊಸ ಕೆಲಸವನ್ನು ಕೆಡಿಸುತ್ತದೆ ಎಂಬುದನ್ನು ಸೋಫಿ ಲೆರಾಯ್ ಎಂಬ ವಿದ್ವಾಂಸೆ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ.

ಹಾಗಾಗಿ ವಾರಕ್ಕೊಂದು ವೇಳಾಪಟ್ಟಿ ಇರಲಿ. ನನ್ನ ಅನುಭವದಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಹೀಗಿದೆ. ಸೋಮವಾರ ಬೆಳಗ್ಗೆ ಎಲ್ಲ ತಾಣಗಳ ಅಪ್‌ಡೇಟ್. ಮೊದಲು ಬ್ಯಾಕಪ್, ಆಮೇಲೆ ಎಲ್ಲಕ್ಕಿಂತ ಚಿಕ್ಕ ತಾಣದಲ್ಲಿ ಅಪ್‌ಡೇಟ್, ಅಲ್ಲಿ ಮುಖಪುಟ, ಅರ್ಜಿ ನಮೂನೆ, ಸಂಪರ್ಕ ಪುಟ ಸರಿಯಾಗಿ ತೆರೆದುಕೊಂಡರೆ ಮಾತ್ರ ಮಿಕ್ಕವಕ್ಕೆ. ತಳ ಒಂದೇ ಆಗಿರುವುದರಿಂದ ಒಂದರಲ್ಲಿ ಸರಿಹೋದದ್ದು ಉಳಿದವುಗಳಲ್ಲೂ ಬಹುಮಟ್ಟಿಗೆ ಸರಿಹೋಗುತ್ತದೆ. ಮಂಗಳವಾರದಿಂದ ಗುರುವಾರದವರೆಗೆ ಒಂದೊಂದು ಹೊತ್ತಿಗೆ ಒಂದೊಂದು ಸಂಸ್ಥೆಯ ಮಾಹಿತಿ ಕೆಲಸ. ಶುಕ್ರವಾರ ಲೆಕ್ಕಪತ್ರ, ನವೀಕರಣ ಬಾಕಿ, ವಹಿ ತಿದ್ದುವುದು. ಶುಕ್ರವಾರ ಸಂಜೆ ಯಾವ ದೊಡ್ಡ ಬದಲಾವಣೆಯೂ ಬೇಡ. ಶನಿವಾರ ಕೆಟ್ಟರೆ ಹೋಸ್ಟಿಂಗ್ ಕಂಪನಿಯ ಸಹಾಯವೂ ನಿಧಾನ.

ಈ ಕಸುಬಿನಲ್ಲಿ ಅತಿ ಹೆಚ್ಚು ದಣಿಸುವುದು ಕಂಪ್ಯೂಟರ್ ಅಲ್ಲ, ಫೋನು. "ಸಾರ್, ನಮ್ಮ ಪ್ರಿನ್ಸಿಪಾಲರ ಫೋಟೋ ಸ್ವಲ್ಪ ಚೇಂಜ್ ಮಾಡಬೇಕಿತ್ತು" ಎಂದು ಊಟದ ಹೊತ್ತಿಗೆ ಕರೆ. ವಾಟ್ಸಾಪಿನಲ್ಲಿ ನಲವತ್ತು ಫೋಟೋ, ಶೀರ್ಷಿಕೆಯಿಲ್ಲದೆ. ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಸುತ್ತೋಲೆ. ಹಾಗೆಯೇ ತಾಣಕ್ಕೆ ಹಾಕಿದರೆ ಓದುಗರಿಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಇದಕ್ಕೆ ಕೋಪಿಸಿಕೊಂಡು ಫಲವಿಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಒಂದು ಹಾಳೆಯಲ್ಲಿ ಬರೆದು ಕೊಡಿ: ಸುತ್ತೋಲೆ ಯೂನಿಕೋಡ್‌ನಲ್ಲಿರಲಿ, ಫೋಟೋ ಜೊತೆಗೆ ಯಾರು, ಎಲ್ಲಿ, ಯಾವಾಗ ಎಂಬ ಒಂದು ಸಾಲಿರಲಿ, ಬದಲಾವಣೆಗಳನ್ನು ಒಂದೇ ಇಮೇಲಿಗೆ ಕಳಿಸಿ, ಮಾಮೂಲಿ ಕೆಲಸ ಎರಡು ದಿನದಲ್ಲಿ ಆಗುತ್ತದೆ, ತಾಣವೇ ತೆರೆಯದಿದ್ದರೆ ಮಾತ್ರ ಫೋನ್ ಮಾಡಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಚೇರಿಯ ಒಬ್ಬರಿಗೆ ಪ್ರಕಟಣೆ ಹಾಕುವುದನ್ನು ಕಲಿಸಿಬಿಡಿ. ಇಡೀ ತಾಣದ ಕೀಲಿಯನ್ನು ಅವರಿಗೆ ಕೊಡಬೇಕಾಗಿಲ್ಲ. ಬರೆದು ಪ್ರಕಟಿಸುವಷ್ಟೇ ಅಧಿಕಾರದ ಖಾತೆ ಸಾಕು. ಗುಮಾಸ್ತೆಯೊಬ್ಬರು ಠೇವಣಿ ಬಡ್ಡಿ ದರವನ್ನು ತಾವೇ ತಿದ್ದಲು ಕಲಿತರೆ, ಸಂಘದ ತಾಣ ಅಂದಿನಿಂದ ನಿಜವಾಗಿ ಸಂಘದ್ದಾಗುತ್ತದೆ.

ಬೇಡದ್ದನ್ನು ಮುಚ್ಚುವ ಧೈರ್ಯವೂ ಬೇಕು. ಎಂದೋ ಮುಗಿದ ಸಮ್ಮೇಳನದ ತಾಣ, ಪದಾಧಿಕಾರಿಗಳು ಬದಲಾಗಿ ಎಷ್ಟೋ ಕಾಲವಾದ ಸಂಘದ ತಾಣ, ಎರಡು ಪುಟದಲ್ಲಿ ಮುಗಿಯಬಹುದಾದ್ದಕ್ಕೆ ಮಾಡಿದ ಮತ್ತೊಂದು ತಾಣ. ಇವು ಓದುಗರಿಲ್ಲದಿದ್ದರೂ ಅಪ್‌ಡೇಟ್ ಕೇಳುತ್ತವೆ, ಶುಲ್ಕ ಕೇಳುತ್ತವೆ, ಕಳ್ಳರಿಗೆ ದಾರಿಯಾಗುತ್ತವೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಒಳಗಿನ ಲೇಖನ, ಚಿತ್ರಗಳನ್ನು ಜೋಪಾನವಾಗಿ ತೆಗೆದಿಟ್ಟು ಮುಚ್ಚಿಬಿಡಿ. ಹೊಸ ತಾಣ ಒಪ್ಪಿಕೊಳ್ಳುವ ಮೊದಲು ವಹಿ ತೆರೆದು ನೋಡಿ. ವಾರದ ವೇಳಾಪಟ್ಟಿಯಲ್ಲಿ ಅದಕ್ಕೊಂದು ಹೊತ್ತು ಸಿಗದಿದ್ದರೆ ಸದ್ಯಕ್ಕೆ ಆಗುವುದಿಲ್ಲ ಎಂದು ಹೇಳಿ. ಅರೆಮನಸ್ಸಿನಿಂದ ಒಪ್ಪಿ ಆಮೇಲೆ ಕೈಬಿಡುವುದಕ್ಕಿಂತ ಅದು ಅವರಿಗೂ ಒಳ್ಳೆಯದು.

ಇನ್ನೊಂದು ಮಾತು ಬಾಕಿಯಿದೆ. ನೀವು ಹತ್ತು ದಿನ ಆಸ್ಪತ್ರೆಯಲ್ಲಿ ಮಲಗಿದರೆ ಈ ತಾಣಗಳ ಗತಿ ಏನು? ವಹಿ ಎಲ್ಲಿದೆ ಎಂದು ಗೊತ್ತಿರುವ, ಅದನ್ನು ಓದಿ ಅರ್ಥಮಾಡಿಕೊಳ್ಳಬಲ್ಲ ಇನ್ನೊಬ್ಬರು ಇರಲೇಬೇಕು. ಊರಿನಲ್ಲಿ ಇದೇ ಕೆಲಸ ಮಾಡುವ ಮತ್ತೊಬ್ಬರಿದ್ದರೆ ಅವರನ್ನು ಪೈಪೋಟಿಯವರೆಂದು ದೂರವಿಡಬೇಡಿ. ನಿಮ್ಮದನ್ನು ಅವರು, ಅವರದ್ದನ್ನು ನೀವು ಆಪತ್ತಿಗೆ ನೋಡಿಕೊಳ್ಳುವ ಒಪ್ಪಂದ ಮಾಡಿಕೊಳ್ಳಿ. ಆಗ ಮನೆಯವರ ಜೊತೆ ನಾಲ್ಕು ದಿನ ಪ್ರವಾಸ ಹೋಗಿಬರುವುದೂ ಸಾಧ್ಯವಾಗುತ್ತದೆ.

ಈ ಮಾತುಗಳನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹೋಂಸ್ಟೇ ತಾಣ ನಿಂತರೆ ಒಂದು ಮನೆಯ ಆ ತಿಂಗಳ ಆದಾಯ ನಿಲ್ಲುತ್ತದೆ. ಕಾಲೇಜಿನ ತಾಣ ನಿಂತರೆ ದೂರದ ಹಳ್ಳಿಯ ಹುಡುಗಿಗೆ ಅರ್ಜಿಯ ಕೊನೆಯ ದಿನ ತಪ್ಪುತ್ತದೆ. ಸಾಹಿತ್ಯ ಸಂಘದ ತಾಣ ಅಳಿದರೆ, ಬೇರೆಲ್ಲೂ ಅಚ್ಚಾಗದ ಉಪನ್ಯಾಸಗಳು ಅದರೊಂದಿಗೇ ಹೋಗುತ್ತವೆ. ಇವನ್ನು ಕಾಯುವವರ ಹೆಸರು ಎಲ್ಲೂ ಕಾಣಿಸುವುದಿಲ್ಲ. ಆ ಕೆಲಸಕ್ಕೆ ಮರ್ಯಾದೆ ಸಲ್ಲಬೇಕು, ತಕ್ಕ ಸಂಭಾವನೆಯೂ ಸಲ್ಲಬೇಕು. ಅದನ್ನು ಮಾಡುವವರು ದಣಿದು ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಎಲ್ಲರ ಹೊಣೆ.

ಆದ್ದರಿಂದ ಈ ಭಾಷಣ ಕೇಳುತ್ತಿರುವ ಸಂಘ ಸಂಸ್ಥೆಗಳ ಅಧ್ಯಕ್ಷರಲ್ಲಿ, ಕಾರ್ಯದರ್ಶಿಗಳಲ್ಲಿ ನನ್ನದೊಂದು ಬಿನ್ನಹ. ನಾಳೆಯೇ ನಿಮ್ಮ ತಾಣ ನೋಡಿಕೊಳ್ಳುವವರನ್ನು ಕರೆದು ಮೂರು ಪ್ರಶ್ನೆ ಕೇಳಿ. ನಮ್ಮ ಡೊಮೇನ್ ಯಾರ ಹೆಸರಿನಲ್ಲಿದೆ? ಯಾವ ತಾರೀಖಿಗೆ ಮುಗಿಯುತ್ತದೆ? ನಮ್ಮ ಬ್ಯಾಕಪ್ ಎಲ್ಲಿದೆ? ಉತ್ತರಗಳನ್ನು ನಿಮ್ಮ ನಡವಳಿ ಪುಸ್ತಕದಲ್ಲಿ ಬರೆಸಿ, ಹೆಸರು ಸಂಸ್ಥೆಯದ್ದಲ್ಲದಿದ್ದರೆ ವರ್ಗ ಮಾಡಿಸಿಕೊಳ್ಳಿ. ತಾಣಗಳನ್ನು ನೋಡಿಕೊಳ್ಳುವ ಗೆಳೆಯ ಗೆಳತಿಯರಿಗೆ ಹೇಳುವುದು ಇಷ್ಟು: ಬರುವ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ವಹಿಯ ಮೊದಲ ಪುಟ ಬರೆಯಿರಿ. ಎಲ್ಲವನ್ನೂ ಒಂದೇ ದಿನ ಮುಗಿಸಬೇಕಾಗಿಲ್ಲ. ವಾರಕ್ಕೊಂದು ತಾಣದಂತೆ ಬರೆದರೆ ಎರಡೂವರೆ ತಿಂಗಳಿನೊಳಗೆ ಹತ್ತು ತಾಣಗಳೂ ವಹಿಯಲ್ಲಿರುತ್ತವೆ.